ಹೊಳೆ ಒಯ್ದ ಸಂಕ: ರಾಮನಗುಳಿ ತೂಗುಸೇತುವೆಯ ನೆನಪಿಗೆ

ಸ್ಮರಣ ಸಂಚಿಕೆ ಎಂದರೆ ಅದರಲ್ಲಿ ಶಾಲೆಯ ಚರಿತ್ರೆ ಇರುತ್ತದೆ, ಸಹಕಾರಿ ಸಂಘದ ಏಳುಬೀಳು ಇರುತ್ತದೆ, ದೇವಸ್ಥಾನದ ಜೀರ್ಣೋದ್ಧಾರದ ವಿವರ ಇರುತ್ತದೆ. ಸೇತುವೆಯ ಚರಿತ್ರೆ ಬರೆಯುವ ರೂಢಿ ಕಡಿಮೆ. ಸೇತುವೆಗೆ ಅಧ್ಯಕ್ಷರಿಲ್ಲ, ವಾರ್ಷಿಕ ಸಭೆಯಿಲ್ಲ, ಠರಾವು ಪುಸ್ತಕವಿಲ್ಲ. ಆದರೂ ಗಂಗಾವಳಿಯ ಹೊಳೆಸಾಲಿನಲ್ಲಿ ಬದುಕುವ ನಮಗೆ ರಾಮನಗುಳಿಯ ತೂಗುಸೇತುವೆ ಒಂದು ಸಂಸ್ಥೆಯೇ ಆಗಿತ್ತು. ಶಾಲೆ ನಡೆದದ್ದು ಅದರಿಂದ, ಪಡಿತರ ಬಂದದ್ದು ಅದರಿಂದ, ಹೆರಿಗೆಗೆ ಹೋದವರು ಮಗು ಎತ್ತಿಕೊಂಡು ಮನೆಗೆ ಬಂದದ್ದು ಅದರ ಮೇಲೆ. 2019ರ ಆಗಸ್ಟ್‌ನ ನೆರೆ ಅದನ್ನು ಒಯ್ದಿತು. ಊರು ಆ ನೆರೆಯನ್ನು ನೆನೆಯುವಾಗೆಲ್ಲ ಮೊದಲು ನೆನೆಯುವುದು ಈ ಸಂಕವನ್ನೇ. ಆದ್ದರಿಂದ ಅದರ ಕಥೆಯನ್ನು ಬರೆದಿಡುವುದು ನಮ್ಮ ಕರ್ತವ್ಯ.

ಸಂಕದ ಕಥೆ ಹೇಳುವ ಮೊದಲು ಹೊಳೆಯ ಕಥೆ ಹೇಳಬೇಕು. ನಮ್ಮ ಹೊಳೆ ಹುಟ್ಟುವುದು ಮಳೆಯ ಸೀಮೆಯಲ್ಲಲ್ಲ, ಬಯಲುಸೀಮೆಯ ಅಂಚಿನಲ್ಲಿ. ಧಾರವಾಡದ ಸೋಮೇಶ್ವರ ದೇವಸ್ಥಾನದ ಹತ್ತಿರ ಶಾಲ್ಮಲಾ ಎಂದು ಹೊರಡುವ ನೀರು, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿಯ ಜೊತೆ ಕಲಘಟಗಿಯ ಸೀಮೆಯಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿಂದ ಯಲ್ಲಾಪುರದ ಕಾಡು ಹೊಕ್ಕು ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಧುಮುಕುತ್ತದೆ. ಸೋಂದೆಯ ಸಹಸ್ರಲಿಂಗವನ್ನು ತೊಳೆದು ಬರುವ ಇನ್ನೊಂದು ಶಾಲ್ಮಲೆಯೂ ಇದೇ ಹೊಳೆಗೆ ಸೇರುತ್ತದೆ. ಘಟ್ಟ ಇಳಿದ ಮೇಲೆ ಗುಳ್ಳಾಪುರ, ರಾಮನಗುಳಿ, ಸುಂಕಸಾಳ ಎಂದು ದಾಟಿ, ಗುಂಡಬಾಳೆ, ಶಿರೂರುಗಳ ಮಗ್ಗುಲಲ್ಲಿ ಅಗಲವಾಗಿ, ಮಂಜುಗುಣಿಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಉದ್ದ ನೂರೈವತ್ತು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮೇಲಿನವರಿಗೆ ಇದು ಬೇಡ್ತಿ, ಕೆಳಗಿನವರಿಗೆ ಗಂಗಾವಳಿ.

ಈ ಹಾದಿಯಲ್ಲಿ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಉತ್ತರದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಸಾಲು ಅಣೆಕಟ್ಟುಗಳಿವೆ. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆಗಳಿವೆ. ನಡುವಿನ ಗಂಗಾವಳಿ ಮತ್ತು ಅಘನಾಶಿನಿ ಮಾತ್ರ ಹುಟ್ಟಿದ ಹಾಗೆಯೇ ಹರಿಯುತ್ತವೆ. ಇದು ತಾನಾಗಿ ಆದದ್ದಲ್ಲ. ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಾಗ ಯಲ್ಲಾಪುರ, ಶಿರಸಿ ಸೀಮೆಯ ತೋಟಿಗರು ಎದ್ದು ನಿಂತರು. 1981ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಮುಂದಾಗಿ ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಕರೆಸಿ ವಿಚಾರಗೋಷ್ಠಿ ಮಾಡಿತು. ಮುಳುಗುವ ಕಾಡಿಗೂ ತೋಟಕ್ಕೂ ಬೆಲೆ ಕಟ್ಟಿದರೆ ಯೋಜನೆಯ ಲಾಭ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ ಕೇಳಿದರು. ಅಡಿಕೆ ಮಾರುವ ಒಂದು ರೈತ ಸಂಸ್ಥೆ ಅಂಥ ಪ್ರಶ್ನೆಯನ್ನು ಅಷ್ಟು ಶಿಸ್ತಿನಿಂದ ಕೇಳಿದ್ದು ಈ ಜಿಲ್ಲೆಯ ಹೆಮ್ಮೆ. ಯೋಜನೆ ನಿಂತಿತು. ಎರಡು ವರ್ಷ ಕಳೆದು 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡರು, ಅಪ್ಪಿಕೋ ಚಳವಳಿ ಶುರುವಾಯಿತು. ಇತ್ತೀಚೆಗೆ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾವ ಬಂದಾಗಲೂ ಸ್ವರ್ಣವಲ್ಲೀ ಮಠದ ಶ್ರೀಗಳ ಮುಂದಾಳುತನದಲ್ಲಿ ಇದೇ ಜನ ಮತ್ತೆ ಸೇರಿದರು.

ನೆರೆಯ ಕಥೆಯಲ್ಲಿ ಇದನ್ನೆಲ್ಲ ಏಕೆ ಎತ್ತಬೇಕು ಎಂದು ಕೇಳುವವರಿದ್ದಾರೆ. ಎತ್ತಲೇಬೇಕು. ಕಟ್ಟದ ಹೊಳೆಗೆ ಗೇಟು ಇಲ್ಲ, ಸೈರನ್ ಇಲ್ಲ. ಕದ್ರಾದ ಗೇಟು ತೆರೆಯುವ ಮುನ್ನ ಕಾಳಿ ದಂಡೆಯ ಜನರಿಗೆ ಸೂಚನೆ ಹೋಗುತ್ತದೆ. ಅದು ಸಾಲದಾಯಿತು, ತಡವಾಯಿತು ಎಂಬ ದೂರು ಇರಬಹುದು, ಆದರೆ ಸೂಚನೆ ಕೊಡಬೇಕಾದವರು ಯಾರು ಎಂದಾದರೂ ಗೊತ್ತಿರುತ್ತದೆ. ಗಂಗಾವಳಿಯಲ್ಲಿ ಹಾಗಲ್ಲ. ಧಾರವಾಡ ಬಯಲಿನಲ್ಲಿ ವರ್ಷಕ್ಕೆ ಬೀಳುವುದು 700–800 ಮಿಲಿಮೀಟರ್ ಮಳೆ. ಘಟ್ಟದಲ್ಲಿ ಅದರ ನಾಲ್ಕೈದು ಪಟ್ಟು. ಸಾಮಾನ್ಯ ವರ್ಷಗಳಲ್ಲಿ ಘಟ್ಟದ ಮಳೆಗೆ ಹೊಳೆ ಏರುತ್ತದೆ, ಮಳೆ ನಿಂತ ಮೇಲೆ ಇಳಿಯುತ್ತದೆ. ಈ ಏರಿಳಿತ ನಮಗೆ ಬಾಯಿಪಾಠ. ಬಯಲಿನಲ್ಲೂ ಘಟ್ಟದಲ್ಲೂ ಒಟ್ಟಿಗೇ ಹೊಯ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ನಮ್ಮ ಅಂಗಳದ ಮಳೆ ನೋಡಿ ಹೊಳೆಯನ್ನು ಅಂದಾಜು ಮಾಡುವವರಿಗೆ, ಕಲಘಟಗಿಯಲ್ಲಿ ನಿನ್ನೆ ರಾತ್ರಿ ಏನಾಯಿತು ಎಂಬುದು ಕಾಣುವುದಿಲ್ಲ.

ಹಾಗಿದ್ದೂ ನಮ್ಮಲ್ಲಿ ಯಾರೂ ಹೊಳೆಗೆ ಅಣೆಕಟ್ಟು ಕಟ್ಟಿ ಎಂದು ಕೇಳಲಿಲ್ಲ. ಹೊಳೆಯನ್ನು ಕಟ್ಟಬೇಡಿ ಎಂದವರು ನಾವು. ಸೇತುವೆ ಕಟ್ಟಿಕೊಡಿ, ಮುನ್ಸೂಚನೆ ಕೊಡಿ ಎಂದು ಕೇಳುವ ಹಕ್ಕು ಅದರಿಂದ ಕಡಿಮೆಯಾಗುವುದಿಲ್ಲ. ಈ ಲೇಖನ ಬರೆಯುವ ನನ್ನ ಮನಸ್ಸಿನಲ್ಲಿರುವುದು ಇದೊಂದೇ ಮಾತು.

ಇನ್ನು ಸಂಕದ ವಿಷಯ. ರಾಮನಗುಳಿ ಇರುವುದು ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಮೇಲೆ. ಮೊದಲು ಇದು 63ನೇ ಹೆದ್ದಾರಿ, ಈಗ 52. ಅರಬೈಲ್ ಘಟ್ಟ ಇಳಿದು ಬರುವ ಲಾರಿಗಳು ಹಗಲೂ ರಾತ್ರಿ ಇದರ ಮೇಲೆ ಓಡುತ್ತವೆ. ಹುಬ್ಬಳ್ಳಿಯ ತರಕಾರಿ ಕರಾವಳಿಗೆ ಇಳಿಯುವುದು, ಕರಾವಳಿಯ ಮೀನು ಘಟ್ಟ ಹತ್ತುವುದು ಇದೇ ದಾರಿಯಲ್ಲಿ. ಹೊಳೆಯ ಆಚೆ ಡೋಂಗ್ರಿ, ಕಲ್ಲೇಶ್ವರ ಕಡೆಯ ಊರುಗಳು. ಅಲ್ಲಿ ಊರು ಎಂದರೆ ಒತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಗುಡ್ಡದ ಬುಡಕ್ಕೊಂದು, ಹಳ್ಳದ ತಲೆಗೊಂದು ಮನೆ, ಮನೆಯ ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಹವ್ಯಕರು, ಹಾಲಕ್ಕಿಗಳು, ಸಿದ್ದಿಗಳು, ಮರಾಠಿಗರು ಎಂದು ಹಲವು ಸಮುದಾಯದವರು ಈ ಕಣಿವೆಯಲ್ಲಿ ಬದುಕುತ್ತಾರೆ. ಇವರ ತೋಟ ಆಚೆ, ಪೇಟೆ ಈಚೆ. ಬೇಸಿಗೆಯಲ್ಲಿ ಹೊಳೆಯ ಕಲ್ಲುಗಳ ಮೇಲೆ ಕಾಲಿಟ್ಟು ದಾಟಬಹುದು. ಮಳೆಗಾಲದ ನಾಲ್ಕು ತಿಂಗಳು ಹಿಂದೆಲ್ಲ ದೋಣಿಯೊಂದೇ ಗತಿ. ಹೊಳೆ ತುಂಬಿದ ದಿನ ದೋಣಿಯೂ ಇಲ್ಲ.

ಆ ದೋಣಿಯ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಜೂನ್ ಬರುವುದರೊಳಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ, ಒಣಮೀನು ಎಲ್ಲ ಕೂಡಿಟ್ಟುಕೊಳ್ಳಬೇಕು. ಜ್ವರ ಬಂದರೆ ಕಷಾಯ. ಕಷಾಯಕ್ಕೆ ಬಗ್ಗದ ಜ್ವರ ಬಂದರೆ ಕಂಬಳಿಯ ಜೋಲಿ ಕಟ್ಟಿ ಹೊಳೆಯ ದಂಡೆಗೆ ಹೊತ್ತು ತಂದು, ಆಚೆ ದಡದವರಿಗೆ ಕೂಗು ಹಾಕಿ ಕಾಯಬೇಕು. ಮಕ್ಕಳ ಓದು ಎಷ್ಟೋ ಮನೆಗಳಲ್ಲಿ ನಾಲ್ಕನೆಯ ಇಯತ್ತೆಗೆ ನಿಂತದ್ದು ಬುದ್ಧಿ ಸಾಲದ್ದಕ್ಕಲ್ಲ, ಮುಂದಿನ ಶಾಲೆ ಹೊಳೆಯಾಚೆ ಇದ್ದದ್ದಕ್ಕೆ.

ಮಲೆನಾಡು ಮತ್ತು ಕರಾವಳಿಯ ಇಂಥ ಊರುಗಳ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1989ರಲ್ಲಿ. ಸುಳ್ಯದ ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಆ ವರ್ಷ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಕಾಂಕ್ರೀಟ್ ಸೇತುವೆಗೆ ತಗಲುವ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ, ವರ್ಷಗಟ್ಟಲೆ ಕಾಯದೆ, ಊರವರನ್ನೇ ಕೆಲಸಕ್ಕೆ ಸೇರಿಸಿಕೊಂಡು ಹೊಳೆ ದಾಟುವ ದಾರಿ ಮಾಡಬಹುದು ಎಂದು ಅವರು ತೋರಿಸಿಕೊಟ್ಟರು. ಆಮೇಲೆ ಕರ್ನಾಟಕ, ಕೇರಳ, ತೆಲಂಗಾಣ, ಒಡಿಶಾಗಳಲ್ಲಿ ಅವರು ಕಟ್ಟಿದ ಸೇತುವೆಗಳು ನೂರನ್ನು ದಾಟಿದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಉತ್ತರ ಕನ್ನಡದಲ್ಲಿ ಕಾಲುಸಂಕವೇ ಗತಿಯಾಗಿದ್ದ ಹೊಳೆಗಳ ಮೇಲೆ ಉಕ್ಕಿನ ಹಗ್ಗದ ಸೇತುವೆಗಳು ಎದ್ದದ್ದು ಈ ಕಾಲದಲ್ಲಿಯೇ. ರಾಮನಗುಳಿಯ ತೂಗುಸೇತುವೆಯೂ ಆ ಪೀಳಿಗೆಗೆ ಸೇರಿದ್ದು.

ತೂಗುಸೇತುವೆಯ ರಚನೆ ನೋಡಲು ಸರಳ. ಎರಡೂ ದಡದಲ್ಲಿ ಒಂದೊಂದು ಜೋಡಿ ಗೋಪುರ. ಗೋಪುರಗಳ ತಲೆಯ ಮೇಲಿಂದ ಹಾದುಹೋಗುವ ಎರಡು ಬಲವಾದ ಉಕ್ಕಿನ ಹಗ್ಗ. ಆ ಹಗ್ಗದ ತುದಿಗಳನ್ನು ದಡದ ನೆಲದೊಳಗೆ ಹೂತ ಭಾರೀ ಕಾಂಕ್ರೀಟ್ ಗಡ್ಡೆಗಳಿಗೆ ಬಿಗಿದಿರುತ್ತಾರೆ. ಹಗ್ಗದಿಂದ ಇಳಿಬಿಟ್ಟ ಸರಳುಗಳಿಗೆ ನಡೆಯುವ ಹಾಸು ಜೋತುಬಿದ್ದಿರುತ್ತದೆ. ಹೊಳೆಯ ನಡುವೆ ಕಂಬವೇ ಇಲ್ಲ. ನೀರಿಗೆ ಅಡ್ಡಬರುವ ವಸ್ತುವೇ ಇಲ್ಲದ್ದರಿಂದ ಮಳೆಗಾಲದ ಹೊಳೆಗೆ ಇದು ಹೇಳಿ ಮಾಡಿಸಿದ ಸೇತುವೆ. ಹಾಸು ನೆರೆಯ ಮಟ್ಟಕ್ಕಿಂತ ಮೇಲೆ ಇರುವಷ್ಟು ದಿನ ಮಾತ್ರ.

ಅದರ ಮೇಲೆ ನಡೆದ ಅನುಭವ ಕಾಲಿಗೆ ಅಂಟಿಕೊಂಡಿರುತ್ತದೆ. ಮೊದಲ ನಾಲ್ಕು ಹೆಜ್ಜೆ ಗಟ್ಟಿ ನೆಲ. ಆಮೇಲೆ ಹಾಸು ಮೆಲ್ಲಗೆ ಎದ್ದು ಬೀಳಲು ಶುರು. ನಡುವಿಗೆ ಬರುವಾಗ ಎದುರಿನಿಂದ ಯಾರಾದರೂ ಬಂದರೆ ಅವರ ಹೆಜ್ಜೆಯೂ ನಮ್ಮ ಕಾಲಿಗೆ ತಿಳಿಯುತ್ತದೆ. ತಲೆಯ ಮೇಲೆ ಸೊಪ್ಪಿನ ಹೊರೆ ಇದ್ದವರಿಗೆ ಉಳಿದವರು ದಾರಿ ಬಿಟ್ಟು ತಂತಿ ಹಿಡಿದು ನಿಲ್ಲುತ್ತಿದ್ದರು. ಇದನ್ನು ಯಾರೂ ಬೋರ್ಡಿನಲ್ಲಿ ಬರೆದಿರಲಿಲ್ಲ. ಗುಂಪಾಗಿ ಒಂದೇ ತಾಳದಲ್ಲಿ ಹೆಜ್ಜೆ ಹಾಕಬೇಡಿ, ಓಡಬೇಡಿ ಎಂದು ಶಾಲೆಯ ಮಕ್ಕಳಿಗೆ ಹೇಳುವುದಿತ್ತು. ಅವರು ಓಡುವುದೂ ಇತ್ತು. ಯುನಿಫಾರ್ಮಿನ ಮಕ್ಕಳ ಹಿಂದೆ ಹಾಲಿನ ಕ್ಯಾನು, ಅದರ ಹಿಂದೆ ಅಂಚೆಯ ಚೀಲ, ಆಮೇಲೆ ಬಸ್ಸಿಗೆ ಹೊರಟವರು. ಅಂಕೋಲೆಯ ಬಸ್ಸಿನ ಹಾರ್ನು ಕೇಳಿದರೆ ಆಚೆಯಿಂದ ಕೈ ಎತ್ತಿ ಕೂಗುವುದು, ಈಚೆ ಅಂಗಡಿಯ ಹತ್ತಿರ ನಿಂತವರು ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸುವುದು. ಒಂದು ಸಂಸ್ಥೆ ನಡೆಯುವುದು ಇಂಥ ಒಪ್ಪಂದಗಳಿಂದಲೇ. ಚುನಾವಣೆಯ ಮತಪೆಟ್ಟಿಗೆ, ಲಸಿಕೆಯ ಪೆಟ್ಟಿಗೆ, ಮದುವೆಯ ದಿಬ್ಬಣ, ಹೆಣದ ಚಟ್ಟ ಎಲ್ಲವೂ ದಾಟಿದ್ದು ಆ ಕಿರಿದಾದ ಹಾಸಿನ ಮೇಲೆಯೇ.

ಇನ್ನು 2019. ಆ ವರ್ಷ ಮುಂಗಾರು ತಡವಾಗಿ ಬಂತು. ಜೂನ್ ಪೂರ್ತಿ ಜನ ಮಳೆಗೆ ಕಾದರು. ಆಗಸ್ಟ್ ಮೊದಲ ವಾರದಲ್ಲಿ ಅದು ಬಂದದ್ದು ಮೊಗೆದು ಸುರಿದ ಹಾಗೆ. ಆಗಸ್ಟ್ 5, ಸೋಮವಾರ, ನಾಗರ ಪಂಚಮಿ. ಹಬ್ಬದ ದಿನವೇ ಹೊಳೆ ಕೆಂಪಾಗಿ ಏರುತ್ತಿತ್ತು. ಅಂದು ದೇಶದ ಕಣ್ಣೆಲ್ಲ ಕಾಶ್ಮೀರದ ಮೇಲೆ. ಸಂವಿಧಾನದ 370ನೇ ವಿಧಿಯ ರದ್ದತಿಯ ಘೋಷಣೆ ಸಂಸತ್ತಿನಲ್ಲಿ ಆದದ್ದು ಅದೇ ಸೋಮವಾರ. ರಾಜ್ಯದಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಹತ್ತು ದಿನವಾಗಿತ್ತಷ್ಟೆ. ಸಂಪುಟ ರಚನೆಯಾದದ್ದು ಆಗಸ್ಟ್ 20ಕ್ಕೆ. ಅಂದರೆ ನೆರೆ ಬಂದ ವಾರ ಯಾವ ಜಿಲ್ಲೆಗೂ ಉಸ್ತುವಾರಿ ಸಚಿವರಿರಲಿಲ್ಲ. ಅಧಿಕಾರಿಗಳು, ಪಂಚಾಯ್ತಿ ಸಿಬ್ಬಂದಿ, ಪೊಲೀಸರು, ದೋಣಿ ಇದ್ದವರು, ಟ್ರ್ಯಾಕ್ಟರ್ ಇದ್ದವರು ಇಷ್ಟೇ ಜನ ಹಳ್ಳಿಗಳ ಮಟ್ಟಿಗೆ ಸರ್ಕಾರವಾಗಿದ್ದರು.

ಮುಂದಿನ ದಿನಗಳಲ್ಲಿ ಮಳೆ ನಿಲ್ಲಲಿಲ್ಲ. ಧಾರವಾಡ, ಬೆಳಗಾವಿಯ ಬಯಲೂ ಮುಳುಗುತ್ತಿತ್ತು. ರಾಜ್ಯದ 22 ಜಿಲ್ಲೆಗಳು ಆ ತಿಂಗಳು ನೆರೆಪೀಡಿತವಾದವು. ನಮಗೆ ಆ ಸುದ್ದಿಯೂ ಸರಿಯಾಗಿ ಮುಟ್ಟಲಿಲ್ಲ. ಕರೆಂಟು ಹೋಗಿತ್ತು, ಮೊಬೈಲ್ ಟವರಿನ ಬ್ಯಾಟರಿ ಮುಗಿದಿತ್ತು. ಉಳಿದ ಚಾರ್ಜಿನಲ್ಲಿ ಮೇಲಿನ ಊರಿನವರು ಕೆಳಗಿನವರಿಗೆ ಮಾಡಿದ ಫೋನೇ ಮುನ್ಸೂಚನೆ. “ಹೊಳೆ ಏರ್ತಾ ಇದೆ, ದನ ಬಿಚ್ಚಿಬಿಡಿ” ಎಂಬುದಷ್ಟೇ ಮಾತು. ಅದನ್ನು ಕೇಳಿದವರು ಮತ್ತೆ ಕೆಳಗಿನ ಇನ್ನೊಂದು ಮನೆಗೆ ಹೇಳಬೇಕು. ಹಾಗೆ ಕಿವಿಯಿಂದ ಕಿವಿಗೆ ದಾಟಿದ ಮಾತು ಎಷ್ಟು ಜೀವ ಉಳಿಸಿತೋ ಲೆಕ್ಕ ಇಟ್ಟವರಿಲ್ಲ.

ಹೊಳೆ ದಂಡೆ ಮೀರಿತು. ತೋಟದೊಳಗೆ ಬಂತು, ಅಂಗಳಕ್ಕೆ ಬಂತು, ಜಗುಲಿ ಹತ್ತಿತು. ಹೆದ್ದಾರಿಯ ತಗ್ಗಿನ ಜಾಗಗಳ ಮೇಲೆ ನೀರು ನಿಂತು ಅಂಕೋಲಾ–ಯಲ್ಲಾಪುರ ಸಂಚಾರ ಕಡಿದುಹೋಯಿತು. ರಾಮನಗುಳಿ, ಸುಂಕಸಾಳದಿಂದ ಹಿಡಿದು ಕೆಳಗೆ ಶಿರೂರು, ಮಂಜುಗುಣಿಯವರೆಗೆ ಹೊಳೆಸಾಲಿನ ಊರುಗಳೆಲ್ಲ ಒಂದೇ ನೀರಿನಲ್ಲಿದ್ದವು. ಜನ ಗುಡ್ಡದ ಮೇಲಿನ ಮನೆಗಳಿಗೆ, ಶಾಲೆಗಳಿಗೆ ಹೋದರು. ದನಗಳು ಕೆಲವು ಈಜಿ ದಡ ಸೇರಿದವು, ಕೆಲವು ಕೊಟ್ಟಿಗೆಯಲ್ಲೇ ಹೋದವು. ಆ ನೀರಿನಲ್ಲೇ ರಾಮನಗುಳಿಯ ತೂಗುಸೇತುವೆಯೂ ಹೋಯಿತು.

ಇಂಥ ಸೇತುವೆ ಹೇಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ಕಟ್ಟುವವರಿಗೆ ಅದು ಬೇಕು. ಬರೀ ನೀರು ಬಂದರೆ ಉಕ್ಕಿನ ಹಗ್ಗ ಸುಲಭಕ್ಕೆ ಸೋಲುವುದಿಲ್ಲ. ನೆರೆಯ ಹೊಳೆ ಬರೀ ನೀರನ್ನು ತರುವುದಿಲ್ಲ. ಬೇರುಸಹಿತ ಕಿತ್ತ ಮರ, ಬಿದಿರಿನ ಹಿಂಡಿಲು, ಬೇಲಿ, ತೋಟದ ಅಡಿಕೆ ಮರಗಳು ಎಲ್ಲ ಸೇರಿ ಬರುತ್ತವೆ. ನೀರು ಹಾಸಿನ ಮಟ್ಟಕ್ಕೆ ಬಂದ ಕೂಡಲೇ ಇವು ಹಾಸಿಗೂ ಪಕ್ಕದ ಬಲೆಗೂ ಸಿಕ್ಕಿಕೊಳ್ಳುತ್ತವೆ. ಒಂದು ಮರ ಸಿಕ್ಕಿಕೊಂಡರೆ ಅದರ ಹಿಂದೆ ಹತ್ತು. ನೋಡುತ್ತಿದ್ದಂತೆ ಗಾಳಿ, ನೀರು ಸಲೀಸಾಗಿ ತೂರಿಹೋಗುತ್ತಿದ್ದ ಸೇತುವೆ ಹೊಳೆಗೆ ಅಡ್ಡ ಕಟ್ಟಿದ ಗೋಡೆಯಾಗುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ತೂಗುಸೇತುವೆಯನ್ನು ಮಾಡಿರುವುದು ಮೇಲಿನಿಂದ ಕೆಳಗೆ ಬೀಳುವ ಭಾರ ಹೊರಲಿಕ್ಕೆ. ಅಡ್ಡಲಾಗಿ ಬರುವ ಈ ಒತ್ತಡವನ್ನು ಅದು ತಡೆಯಲಾರದು. ಹಾಗಾಗಿ ಹಾಸಿನ ಎತ್ತರವೇ ಅದರ ಆಯುಷ್ಯ. ಎತ್ತರ ನಿರ್ಧರಿಸುವಾಗ ಎಂಜಿನಿಯರು ಊರವರನ್ನು ಕೇಳುವ ಪ್ರಶ್ನೆ ಒಂದೇ: ಇಲ್ಲಿ ನೀರು ಅತಿ ಹೆಚ್ಚೆಂದರೆ ಎಲ್ಲಿಯವರೆಗೆ ಬಂದಿತ್ತು? ಆ ಉತ್ತರ ನಮ್ಮ ನೆನಪಿನಲ್ಲಿ ಇಲ್ಲದಿದ್ದರೆ ಬೇರೆಲ್ಲೂ ಇಲ್ಲ.

ನೀರು ಇಳಿದ ಮೇಲಿನ ಕೆಲಸವೇ ನೆರೆಯ ನಿಜವಾದ ನೆನಪು. ಮನೆಯೊಳಗೆ ಮೊಣಕಾಲಿನ ತನಕ ನುಣ್ಣನೆಯ ರಾಡಿ. ಗುದ್ದಲಿಗೆ ಬಾರದು, ಪೊರಕೆಗೆ ಸಾಯದು. ಅಡಿಕೆ ಸುಲಿಯುವ ಹಾಳೆ, ಮಣೆಗಳನ್ನೇ ಹಿಡಿದು ಎಳೆದು ಹೊರಹಾಕಬೇಕು. ಒಣಗಿಬಿಟ್ಟರೆ ಸಿಮೆಂಟಿನಂತೆ ಹಿಡಿಯುತ್ತದೆ, ಆದ್ದರಿಂದ ಹಸಿಯಿರುವಾಗಲೇ ಮುಗಿಸಬೇಕು. ಬಾವಿಯ ನೀರು ಕೆಂಪು. ಕಣಜದ ಭತ್ತ ಮೊಳಕೆಯೊಡೆದಿತ್ತು. ಹೆಂಗಸರು ಮೊದಲು ಹುಡುಕಿದ್ದು ಕಾಗದಪತ್ರಗಳ ಟ್ರಂಕನ್ನು. ಪಹಣಿ, ರೇಶನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಪುಸ್ತಕ, ಮಕ್ಕಳ ಮಾರ್ಕ್ಸ್‌ಕಾರ್ಡು ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರು. ಪರಿಹಾರ ಸಿಗಬೇಕಾದರೆ ಆ ಕಾಗದಗಳೇ ಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸರ್ಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ತೋಟದ ನಷ್ಟಕ್ಕೆ ಅಂಥ ಅಳತೆ ಕಟ್ಟುವುದು ಕಷ್ಟ. ನೀರು ನಿಂತ ತೋಟದಲ್ಲಿ ಅಡಿಕೆಗೆ ಕೊಳೆ ಬರುತ್ತದೆ, ಮರಳು ಕೂತ ಗದ್ದೆ ಎಷ್ಟೋ ವರ್ಷ ಭತ್ತಕ್ಕೆ ಬಾರದು.

ಹೊರಗಿನಿಂದ ಬಂದ ನೆರವನ್ನೂ ನೆನೆಯಬೇಕು. ದಾರಿ ತೆರೆದ ಕೂಡಲೇ ಅಕ್ಕಿ, ಚಾದರ, ಚಾಪೆ, ಕುಡಿಯುವ ನೀರು ಹೊತ್ತ ಗಾಡಿಗಳು ಬಂದವು. ಸಂಕ ಇಲ್ಲದ್ದರಿಂದ ಆಚೆ ದಡಕ್ಕೆ ಸಾಮಾನು ಮುಟ್ಟಿಸುವುದು ದೊಡ್ಡ ಕೆಲಸವಾಯಿತು. ಮತ್ತೆ ಪಾತಿ ದೋಣಿ, ಮತ್ತೆ ತಲೆಹೊರೆ. ಒಂದು ಪೀಳಿಗೆ ಕಾಣದೇ ಇದ್ದ ಬದುಕು ಒಂದೇ ವಾರದಲ್ಲಿ ಹಿಂದಕ್ಕೆ ಬಂದಿತ್ತು.

ತೂಗುಸೇತುವೆ ಹೋದ ಮೇಲೆ ಆಚೆ ದಡದವರಿಗೆ ಗುಳ್ಳಾಪುರದ ಸೇತುವೆಯೇ ಆಸರೆ. ಸುತ್ತು ಜಾಸ್ತಿಯಾದರೂ ಗಾಡಿ ಹೋಗುವ ಸೇತುವೆ ಎಂದು ಸಮಾಧಾನ. 2021ರ ಜುಲೈ 22, 23ರ ಮಳೆಗೆ ಅದೂ ಕೊಚ್ಚಿಹೋಯಿತು. ಅದೇ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಜಾರಿ ತೋಟ, ಮನೆ, ರಸ್ತೆಗಳನ್ನು ಎಳೆದುಕೊಂಡು ಹೋದವು. ಅರಬೈಲ್ ಘಟ್ಟದಲ್ಲಿ ಹೆದ್ದಾರಿಯೇ ಕುಸಿಯಿತು. ಹೊಸದಾಗಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅಧಿಕಾರ ವಹಿಸಿಕೊಂಡ ಮರುದಿನವೇ ಜಿಲ್ಲೆಗೆ ಬಂದು ಹಾನಿ ನೋಡಿದರು. ಎರಡು ವರ್ಷದ ಅಂತರದಲ್ಲಿ ಎರಡು ಸೇತುವೆ ಕಳೆದುಕೊಂಡ ಜನರ ಸ್ಥಿತಿಯನ್ನು ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುವವರು ಊಹಿಸಲಾರರು. ಹೊಳೆಯಾಚೆ ಮನೆಯ ದೀಪ ಕಣ್ಣಿಗೆ ಕಾಣುತ್ತಿತ್ತು, ಹೋಗಲು ದಾರಿ ಇರಲಿಲ್ಲ.

2024ರ ಜುಲೈ 16ರ ಬೆಳಗ್ಗೆ ಕೆಳಗಿನ ಶಿರೂರಿನಲ್ಲಿ 66ನೇ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಬಿತ್ತು. ಹನ್ನೊಂದು ಜನ ಹೋದರು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಮಣ್ಣಿನೊಂದಿಗೆ ಹೊಳೆಗೆ ಬಿದ್ದ ಕೇರಳದ ಲಾರಿಯೊಂದನ್ನು ಹುಡುಕಿ ತಳದಿಂದ ಮೇಲೆತ್ತಲು ಸೆಪ್ಟೆಂಬರ್ ಕೊನೆಯ ವಾರದವರೆಗೆ ಕಾಯಬೇಕಾಯಿತು. ಆ ಹುಡುಕಾಟವನ್ನು ಎರಡು ರಾಜ್ಯಗಳ ಜನ ದಿನವೂ ನೋಡಿದರು. ಅದರಿಂದ ಗಂಗಾವಳಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಹೀಗೆ ಐದು ವರ್ಷದೊಳಗೆ ಮೂರು ದೊಡ್ಡ ಪೆಟ್ಟು ಈ ಒಂದೇ ಹೊಳೆಯ ದಂಡೆಗೆ. ಇದನ್ನು ಬರೀ ದೈವಕೋಪ ಎಂದು ಬಿಡಲು ಆಗುವುದಿಲ್ಲ. ಗುಡ್ಡದ ಬುಡ ಕಡಿದು ರಸ್ತೆ ಅಗಲ ಮಾಡಿದ್ದು, ಒಂದೆರಡು ದಿನಗಳಲ್ಲಿ ವಾರದ ಮಳೆ ಬೀಳುವ ಹೊಸ ಹವಾಮಾನ, ಹಳ್ಳಗಳ ದಾರಿಯಲ್ಲಿ ನಾವೇ ಎಬ್ಬಿಸಿದ ಕಟ್ಟಡ, ಎಲ್ಲಕ್ಕೂ ಪಾಲಿದೆ.

ಹಾಗಾದರೆ ಒಂದು ಸಣ್ಣ ಊರು ಇಂಥದ್ದನ್ನು ನೆನೆಯಬೇಕಾದದ್ದು ಹೇಗೆ? ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ ಗ್ರೀನ್ಸ್‌ಬರ್ಗ್ ಎಂಬ ಊರಿದೆ. ಅಂಕೋಲೆಗಿಂತ ಎಷ್ಟೋ ಚಿಕ್ಕದು. 2007ರ ಮೇ 4ರ ರಾತ್ರಿ ಒಂದು ಸುಂಟರಗಾಳಿ ಆ ಊರಿನ ಬಹುಪಾಲು ಕಟ್ಟಡಗಳನ್ನು ನೆಲಸಮ ಮಾಡಿತು. ಆ ಊರಿನ ಹೆಮ್ಮೆಯೆಂದರೆ ಹತ್ತೊಂಬತ್ತನೇ ಶತಮಾನದಲ್ಲಿ ಕೈಯಿಂದ ತೋಡಿದ ಒಂದು ಭಾರೀ ಬಾವಿ. ಊರನ್ನು ಮತ್ತೆ ಕಟ್ಟುವಾಗ ಜನ ಆ ಬಾವಿಯ ಸುತ್ತಲೇ ಸುಂಟರಗಾಳಿಯ ವಸ್ತುಸಂಗ್ರಹಾಲಯ ಮಾಡಿದರು. ಹಳೆಯ ಹೆಮ್ಮೆ, ಹೊಸ ಗಾಯ ಎರಡನ್ನೂ ಒಂದೇ ಸೂರಿನಡಿ ಇಟ್ಟರು. ಜಪಾನಿನ ಅನೆಯೋಶಿ ಎಂಬ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿದ ಕಲ್ಲು ನಿಲ್ಲಿಸಿದರು. 2011ರ ಸುನಾಮಿ ಆ ಕಲ್ಲಿಗಿಂತ ಕೆಳಗೇ ನಿಂತಿತು, ಹಳ್ಳಿ ಉಳಿಯಿತು. ದೂರ ಹೋಗುವುದೇ ಬೇಡ. 1924ರ ಮಹಾಪ್ರವಾಹವನ್ನು ಕೇರಳದವರು ಇಂದಿಗೂ ತಮ್ಮ ಪಂಚಾಂಗದ ವರ್ಷದಿಂದಲೇ ಕರೆದು ಹೇಳುತ್ತಾರೆ. ನೇತ್ರಾವತಿಯ ದಂಡೆಯ ಬಂಟ್ವಾಳದವರು 1923, 1974 ಎಂದು ನೆರೆಯ ಇಸವಿಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಅಲ್ಲಿ ಹೊಸ ಮನೆಯ ಪಾಯ ಹಾಕುವಾಗ ಹಿರಿಯರು 74ರ ನೀರು ಎಲ್ಲಿತ್ತು ಎಂದು ಕೇಳುವುದುಂಟು. ನೆನಪು ಉಪಯೋಗಕ್ಕೆ ಬರುವುದು ಅಂದರೆ ಇದು.

ನಮ್ಮ ಹೊಳೆಸಾಲಿನಲ್ಲೂ 2019ರ ನೀರಿನ ಗೆರೆ ಗೋಡೆಗಳ ಮೇಲೆ ಇತ್ತು. ಮರುವರ್ಷದ ಹಬ್ಬಕ್ಕೆ ಸುಣ್ಣ ಬಳಿದಾಗ ಅಳಿಸಿಹೋಯಿತು. ಮನೆಯ ಗೋಡೆಯಿಂದ ಅದು ಹೋಗಲಿ, ಯಾರೂ ಮನೆಯೊಳಗೆ ಕೂತು ಅದನ್ನು ನೋಡುತ್ತ ಬದುಕಬೇಕಾಗಿಲ್ಲ. ಶಾಲೆಯ ಕಂಬದ ಮೇಲೆ, ಪಂಚಾಯ್ತಿ ಕಟ್ಟಡದ ಮೇಲೆ, ಬಸ್ ನಿಲ್ದಾಣದ ಗೋಡೆಯ ಮೇಲೆ, ಸೇತುವೆಯ ಉಳಿದ ಗೋಪುರದ ಬುಡದಲ್ಲಿ ಮಾತ್ರ ಆ ಮಟ್ಟವನ್ನು ಕಲ್ಲಿನಲ್ಲಿ ಕೊರೆದು, ಇಸವಿ ಬರೆದು ಇಡಲೇಬೇಕು. ಅದಕ್ಕೆ ಸರ್ಕಾರದ ಅನುದಾನಕ್ಕೂ ಕಾಯಬೇಕಿಲ್ಲ. ಮುಂದೆ ಇಲ್ಲಿ ಸೇತುವೆಯ ನಕ್ಷೆ ಹಿಡಿದು ಬರುವ ಎಂಜಿನಿಯರಿಗೆ ನಾವು ಆ ಗೆರೆಯನ್ನು ತೋರಿಸಿ, ಹಾಸು ಇದಕ್ಕಿಂತ ಮೇಲಿರಲಿ ಎಂದು ಹೇಳುವಂತಾಗಬೇಕು.

ಮಳೆಯ ಲೆಕ್ಕದ್ದು ಇನ್ನೊಂದು ಕೆಲಸ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಇವೆ. ಕಲಘಟಗಿಯಲ್ಲೂ ಇವೆ, ಯಲ್ಲಾಪುರದಲ್ಲೂ ಇವೆ. ಮೇಲಿನ ಆ ಅಂಕಿ ಬೆಂಗಳೂರಿಗೆ ಕ್ಷಣಾರ್ಧದಲ್ಲಿ ಹೋಗುತ್ತದೆ. ಅದು ಅಷ್ಟೇ ಬೇಗ ರಾಮನಗುಳಿಯ ಅಂಗಡಿಕಟ್ಟೆಗೂ ಬರಬೇಕು. ಮೇಲಿನ ಊರಿನಿಂದ ಕೆಳಗಿನ ಊರಿಗೆ ಫೋನ್ ಮಾಡುವ ನಮ್ಮ ಪದ್ಧತಿಯನ್ನು ಬಿಡದೆ, ಅದರ ಜೊತೆಗೇ ಈ ಅಂಕಿಯನ್ನು ಸೇರಿಸಿಕೊಳ್ಳಬೇಕು. ಪ್ರತಿ ಊರಿನಲ್ಲಿ ಇಬ್ಬರು ಈ ಹೊಣೆ ಹೊತ್ತರೆ ಸಾಕು. ಅವರ ಹೆಸರು, ನಂಬರು ಜೂನ್ 1ರೊಳಗೆ ಪಂಚಾಯ್ತಿ ಫಲಕದ ಮೇಲೆ ಬರಲಿ. ರಾತ್ರಿ ಏರಿದ ಹೊಳೆಯ ಸುದ್ದಿ ಬೆಳಗಿನ ತನಕ ಯಾರ ಮನೆಯಲ್ಲೂ ಕಾಯಬಾರದು.

ಹಳೆಯ ಸಂಕದ ಬಗ್ಗೆ ಬರಹದ ದಾಖಲೆ ಬಹಳ ಕಡಿಮೆ, ಚಿತ್ರಗಳೂ ಕಡಿಮೆ. ಮದುವೆಯ ಆಲ್ಬಮ್ಮಿನಲ್ಲಿ ದಿಬ್ಬಣ ದಾಟುವ ಚಿತ್ರ, ಶಾಲಾ ಪ್ರವಾಸದ ಗುಂಪು ಫೋಟೋ, ಉದ್ಘಾಟನೆಯ ದಿನದ ಕರೆಯೋಲೆ, ಕಟ್ಟುವಾಗ ದುಡಿದವರ ಕೂಲಿಯ ಚೀಟಿ ಇವು ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇರಬಹುದು. ಮೂಲ ನಿಮ್ಮ ಹತ್ತಿರವೇ ಇರಲಿ. ಒಂದು ಪ್ರತಿ ತೆಗೆಸಿ, ಹಿಂಬದಿಯಲ್ಲಿ ಯಾವ ವರ್ಷದ್ದು, ಚಿತ್ರದಲ್ಲಿ ಯಾರಿದ್ದಾರೆ ಎಂದು ಬರೆದು ಊರಿನ ಶಾಲೆಗೆ ಕೊಡಿ. 2019ರ ನೀರು ನಿಮ್ಮ ಮನೆಯ ಯಾವ ಮೆಟ್ಟಿಲಿನವರೆಗೆ ಬಂದಿತ್ತು, ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ನಿಂತಿತು ಎಂಬುದನ್ನೂ ಅದರ ಜೊತೆಗೇ ಒಂದು ಹಾಳೆಯಲ್ಲಿ ಬರೆದುಕೊಡಿ. ಬರೆಯಲಾರದ ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆಯುವ ಕೆಲಸ ಹೈಸ್ಕೂಲಿನ ಮಕ್ಕಳದಾಗಲಿ.